ಇಲ್ಲದ ರೆಕಾರ್ಡಿನ ಹಾಡು

ಏಳು ವರ್ಷ, ನಾಲ್ಕು ಚಿತ್ರ, ನಲವತ್ತೊಂದು ಹಾಡು. ಹಲಸೂರಿನ ಹಾರ್ಮೋನಿಯಂ ಮೇಷ್ಟ್ರು ಮುನಿಆಂಜನಪ್ಪನವರು ಈ ಲೆಕ್ಕವನ್ನು ಎತ್ತ ಕಡೆಯಿಂದ ಕೂಡಿದರೂ ತಮ್ಮದೆನ್ನುವ ಮಟ್ಟು ಸೊನ್ನೆಯೇ ಆಗುತ್ತಿತ್ತು. ನಿರ್ಮಾಪಕರು ಬೊಂಬಾಯಿ ಚಿತ್ರಗಳ ರೆಕಾರ್ಡು ತಂದು ಮುಂದಿಡುವರು. ಇವರು ಮಟ್ಟನ್ನು ಕೇಳಿ ಹಾರ್ಮೋನಿಯಂ ಪೆಟ್ಟಿಗೆಗೆ ಇಳಿಸಿಕೊಳ್ಳುವರು. ಕವಿಗಳು ಅದಕ್ಕೆ ಕನ್ನಡದ ಮಾತು ಹೊಂದಿಸುವರು. ಬೇರೊಬ್ಬರ ಅಳತೆಯ ಅಂಗಿಯನ್ನು ಬಿಚ್ಚಿ ಮತ್ತೆ ಹೊಲಿಯುವ ದರ್ಜಿಯ ಬಾಳು ಅದು. ಐವತ್ತೆರಡರ ವಯಸ್ಸಿಗೆ ಬೆರಳಿಗಿಂತ ಮೊದಲು ಅವರ ಕಿವಿ ದಣಿದಿತ್ತು.

ತಾವೇ ಬಹಳ ಮೆಚ್ಚಿದ ಸ್ವಂತದ್ದೊಂದು ಮಟ್ಟು ಅವರಲ್ಲಿತ್ತು. ಹಿಂದೆ ತಾವಿದ್ದ ನಾಟಕದ ಕಂಪೆನಿ ಮುಳುಗಿದ ವರ್ಷ ಹುಟ್ಟಿದ್ದು. ಹೆಂಡತಿ ಯಶೋದಮ್ಮನ ಹೊರತು ಯಾರೂ ಕೇಳಿರಲಿಲ್ಲ. ಐದನೆಯ ಚಿತ್ರದಲ್ಲಾದರೂ ಅದು ಸೇರಬೇಕು, ಇಲ್ಲವಾದರೆ ಪೆಟ್ಟಿಗೆ ಮುಚ್ಚಬೇಕು ಎಂದು ಯುದ್ಧ ಮುಗಿದ ವರ್ಷ ನಿಶ್ಚಯಿಸಿದರು.

ಐದನೆಯ ಚಿತ್ರದ ನಿರ್ಮಾಪಕ ಪಿಳ್ಳಪ್ಪನವರಿಗೆ ಕೃಷ್ಣರಾಜಪುರದಲ್ಲಿ ಇಟ್ಟಿಗೆ ಗೂಡುಗಳಿದ್ದವು. ಬೇಯದ ಇಟ್ಟಿಗೆಯನ್ನು ಗೋಡೆಗೆ ಇಡುವವರಲ್ಲ. ಕಣ್ಣು ಮುಚ್ಚಿ ಮಟ್ಟನ್ನು ಕೇಳಿದರು, ಕಾಲಲ್ಲಿ ತಾಳ ಹಾಕಿದರು.

"ಚೆನ್ನಾಗೈತೆ ಮೇಷ್ಟ್ರೇ. ಯಾವ ಪಿಕ್ಚರ್ದು?"

ನನ್ನದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಿಂದೆ ತಮ್ಮವೇ ಬೇರೆ ಮಟ್ಟುಗಳಿಗೆ ಎರಡು ಸಲ ಹಾಗೆ ಹೇಳಿ, ಎರಡು ಸಲವೂ ಕಾಫಿ ಕುಡಿದು ಬರಿಗೈಯಲ್ಲಿ ಮರಳಿದ್ದರು.

"ಬೊಂಬಾಯಿದು," ಎಂದರು.

ರೆಕಾರ್ಡನ್ನು ಕೇಳಿಯೇ ಒಪ್ಪುವೆನೆಂದು ಪಿಳ್ಳಪ್ಪ ಹಟ ಹಿಡಿದುದರಿಂದ ಇಬ್ಬರೂ ಕಂಟೋನ್ಮೆಂಟಿನ ಬ್ಲಾಕ್‌ಪಲ್ಲಿ ಪೇಟೆಗೆ, ವಾಜಿದನ ಅಂಗಡಿಗೆ ಹೋದರು. ವಾಜಿದ್ ಗ್ರಾಮಫೋನು ರಿಪೇರಿ ಮಾಡುತ್ತ ರೆಕಾರ್ಡು ಮಾರುವವನು, ಮೇಷ್ಟ್ರಿಗೆ ಇಪ್ಪತ್ತು ವರ್ಷದ ಸ್ನೇಹಿತ. ಮೇಷ್ಟ್ರು ಒಂದು ಸಾಲು ಗುನುಗಿ, ಈ ರೆಕಾರ್ಡನ್ನು ನಿನ್ನಲ್ಲೇ ಕೇಳಿದ್ದೆನಲ್ಲ ಎಂದರು. ಅದು ವಾಜಿದ್ ಎಂದೂ ಕೇಳದ ಮಟ್ಟು. ಅವನು ಸ್ನೇಹಿತನ ಮುಖವನ್ನು ಒಂದು ಕ್ಷಣ ನೋಡಿದ.

"ಇತ್ತಲ್ಲ ಸಾಬ್, ಎರಡೇ ಬಂದಿದ್ವು. ಮಿಲ್ಟ್ರಿಯೋರು ಎತ್ಕೊಂಡು ಹೋದ್ರು," ಎಂದು ಪಿಳ್ಳಪ್ಪನವರಿಗೆ ಹೇಳಿ, ಕೈಯಲ್ಲಿದ್ದ ಸ್ಪ್ರಿಂಗಿಗೆ ಎಣ್ಣೆ ಬಿಡತೊಡಗಿದ.

ಮಟ್ಟು ಚಿತ್ರಕ್ಕೆ ಸೇರಿತು. ಮರುವರ್ಷ ಕಂಟೋನ್ಮೆಂಟಿನ ಟಾಕೀಸಿನಲ್ಲಿ ಆ ಹಾಡಿಗೆ ಜನ ಶಿಳ್ಳೆ ಹೊಡೆದರು. ಮೇಷ್ಟ್ರ ಮುಂದಿನ ಬೆಂಚಿನವನು ಗೆಳೆಯನ ಕಡೆ ವಾಲಿದ.

"ಬೊಂಬಾಯಿ ಮಾಲು ಮಗಾ. ನಮ್ಮೋರಿಗೆಲ್ಲಿ ಬರ್ತೈತೆ ಇದು?"

ಹೆಂಗಸರ ಕಡೆ ಕೂತಿದ್ದ ಯಶೋದಮ್ಮನಿಗೆ ಮೇಷ್ಟ್ರು ಮನೆಯ ದಾರಿಯಲ್ಲಿ ಆ ಮಾತನ್ನು ಹೇಳಿದರು.

"ನಿಮ್ದೂಂತ ಹೇಳ್ಬಾರ್ದಾ?"

"ವಾಜಿದ್ ಸುಳ್ಳುಗಾರ ಆಗ್ತಾನೆ. ಸುಮ್ಕಿರು."

ಮೂರನೆಯ ದಿನ ಪಿಳ್ಳಪ್ಪನವರು ಸೇವಂತಿಗೆಯ ಹಾರ ಹಿಡಿದು ಮನೆಗೇ ಬಂದರು. ಇನ್ನೊಂದು ಚಿತ್ರ ತೆಗೆಯುವುದು ನಿಶ್ಚಯವಾಗಿತ್ತು. ಸಂಗೀತಕ್ಕೆ ಬೇರೆಯವರ ಮಾತೇ ಇಲ್ಲವೆಂದರು.

"ಆ ಬೊಂಬಾಯಿ ಪಿಕ್ಚರ್ನಾಗೆ ಇನ್ನೂ ಒಂಬತ್ತು ಹಾಡಾದ್ರೂ ಇರ್ಬೇಕಲ್ಲ ಮೇಷ್ಟ್ರೇ. ಎಲ್ಲಾ ಇಳಿಸ್ಬಿಡಿ."

ಯಶೋದಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಮೇಷ್ಟ್ರು ಹಾರವನ್ನು ಕತ್ತಿನಿಂದ ತೆಗೆದು ಗೂಟಕ್ಕೆ ಹಾಕಿ, ಪೆಟ್ಟಿಗೆಯ ಮೇಲಿನ ಬಟ್ಟೆಯನ್ನು ನಿಧಾನವಾಗಿ ಮಡಿಸಿದರು. ಒಂದೊಂದನ್ನೂ ನೆನಪು ಮಾಡಿಕೊಳ್ಳಬೇಕು, ಸ್ವಲ್ಪ ಕಾಲ ಹಿಡಿಯುತ್ತದೆ ಎಂದರು.