ತುಳಸಿ ಮೇಲಿನ ಬಿಳಿ ನೊರೆ

ಮುರಗೋಡದ ಕಮಲಾಬಾಯಿ ಬೆಳಗ್ಗೆ ಪೂಜೆಗೆಂದು ತುಳಸಿ ಕೀಳಲು ಹೋದವರು ಕೈ ಹಿಂದಕ್ಕೆ ಎಳೆದುಕೊಂಡರು. ಎಲೆ ಮತ್ತು ಕಡ್ಡಿ ಸೇರುವ ಕಡೆ ಬಿಳಿ ನೊರೆ ಅಂಟಿತ್ತು. ಯಾರೋ ಈಗಷ್ಟೇ ಉಗುಳಿ ಹೋದಂತಿತ್ತು. ಪಕ್ಕದ ದಾಸವಾಳದಲ್ಲೂ ಅದೇ ಕಂಡಿತು.

ಯುಗಾದಿ ಮುಗಿದು, ಒಂದೆರಡು ಮಳೆ ಬಿದ್ದು, ಗಿಡಗಳೆಲ್ಲ ಚಿಗುರಿದ್ದವು. ಅವರ ಕಂಪೌಂಡ್ ಗೋಡೆಯ ಆಚೆ ಬಸ್ಸಿಗೆ ಕಾಯುವ ಜನ ನಿಲ್ಲುತ್ತಾರೆ. ಕಮಲಾಬಾಯಿಗೆ ಅವರ ಮೇಲೆ ಅನುಮಾನ ಬಂತು.

“ದೇವರಿಗೆ ಏರಿಸೋ ತುಳಸಿ ಮ್ಯಾಲೆ ಉಗುಳ್ಯಾರಲ್ಲ, ಎಂಥಾ ಮಂದಿ ಇವರು,” ಎಂದು ಸೊಸೆ ಸುಚೇತಾಳ ಮುಂದೆ ಸಂಕಟಪಟ್ಟರು. ಅಂದು ತುಳಸಿ ಇಲ್ಲದೆ ಪೂಜೆ ಆಯಿತು. ಅವರಿಗೆ ಊಟವೂ ಸೇರಲಿಲ್ಲ.

ಅವರ ಮಗ ಪಾಂಡುರಂಗ ಸೊಸೈಟಿಯಲ್ಲಿ ಗುಮಾಸ್ತ. ತಾಯಿಯ ಮಾತು ಕೇಳಿ ಹೊರಗೆ ಹೋಗಿ, ಬಸ್ಸಿಗೆ ನಿಂತಿದ್ದ ಬೀರಪ್ಪನ ಜೊತೆ ಜಗಳವಾಡಿದ. ತಾನು ಉಗುಳಿಲ್ಲ ಎಂದು ಬೀರಪ್ಪ ಎಷ್ಟು ಹೇಳಿದರೂ ನಂಬಲಿಲ್ಲ. ಮರುದಿನ ನೊರೆ ಇನ್ನಷ್ಟು ಕಡ್ಡಿಗಳ ಮೇಲೆ ಕಂಡಾಗ, ಇದು ಗಿಡಕ್ಕೆ ಬಂದ ರೋಗವೇ ಇರಬೇಕು ಎಂದುಕೊಂಡ. ಹೊಲದ ಹತ್ತಿಗೆ ಹೊಡೆದು ಉಳಿದ ಔಷಧದ ಬಾಟಲಿ ಅಟ್ಟದಲ್ಲಿತ್ತು. ಭಾನುವಾರ ಅದನ್ನು ಇಳಿಸಿಕೊಂಡು, ಔಷಧ ಹೊಡೆಯುವ ಪಂಪಿಗೆ ನೀರು ತುಂಬಿದ.

ಸುಚೇತಾ ತುಳಸಿಕಟ್ಟೆಗೆ ಅಡ್ಡ ಬಂದು ನಿಂತಳು.

“ಮುಚ್ಚಳಾ ತಗೀಬ್ಯಾಡ್ರಿ. ಮೃಣಾಲಿನಿಗೆ ಕೆಮ್ಮು ಬಂದಾಗೆಲ್ಲಾ ಇದೇ ಎಲಿ ಹಾಕಿ ಕಷಾಯ ಮಾಡಿ ಕುಡಸ್ತೀನಿ.”

“ನಾಲ್ಕು ದಿನಾ ಬಿಟ್ಟು, ತೊಳದು ಹಾಕು. ಏನಾಗ್ತದ?”

“ಏನಾಗ್ತದ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಕುಡಿಯಾಕಿ ನಮ್ಮ ಮಗಳು. ಗೊತ್ತಿದ್ದವರನ್ನ ಕೇಳಿ ಆಮ್ಯಾಲೆ ಹೊಡೀರಿ.”

ಹೀಗೆ ಹೇಳಿ ಅವಳು ಗೆಳತಿ ಗುಲಫಶಾಳಿಗೆ ಫೋನ್ ಮಾಡಿದಳು. ಗುಲಫಶಾ ಕೃಷಿ ಪದವಿ ಓದಿ, ಅದೇ ಊರಲ್ಲಿ ಬೀಜ, ಗೊಬ್ಬರದ ಅಂಗಡಿ ನಡೆಸುತ್ತಾಳೆ. ಸ್ಕೂಟಿ ನಿಲ್ಲಿಸಿ ಒಳಗೆ ಬಂದವಳು ನೊರೆ ನೋಡಿ ನಕ್ಕಳು.

“ಅಜ್ಜಿ, ಚಸ್ಮಾ ಹಾಕ್ಕೊಂಡು ಸಮೀಪ ಬರ್ರಿ.”

ಸಣ್ಣ ಕಡ್ಡಿಯಿಂದ ಅವಳು ನೊರೆಯನ್ನು ಸರಿಸಿದಳು. ಒಳಗೆ ತಿಳಿಹಸಿರು ಬಣ್ಣದ ಹುಳ, ಜೋಳದ ಕಾಳಿನಷ್ಟೂ ಇಲ್ಲ, ಮೆಲ್ಲಗೆ ಹೊರಳಿತು. ಎಲ್ಲರೂ ನೋಡುತ್ತಿದ್ದಂತೆ ಅದರ ಬಾಲದ ಹತ್ತಿರ ಮತ್ತೆ ಗುಳ್ಳೆಗಳು ಏಳತೊಡಗಿದವು.

“ಇದು ಗಿಡದ ರಸಾ ಹೀರತೈತಿ. ಬ್ಯಾಡಾದ ನೀರ ಹಿಂದಿಂದ ಬಿಟ್ಟು, ಅದಕ್ಕ ಗಾಳಿ ತುಂಬಿ ನೊರಿ ಮಾಡ್ಕೋತೈತಿ. ಬಿಸಲಿಗೆ ಮೈ ಒಣಗಬಾರದು, ಇರಿವಿ ಹಿಡೀಬಾರದು ಅಂತ ಅದರೊಳಗ ಅಡಗಿ ಕುಂದರತೈತಿ. ರೆಕ್ಕಿ ಬಂದ ಮ್ಯಾಲೆ ನೊರಿ ಬಿಟ್ಟು ಹೋಗತೈತಿ. ಯಾರೂ ಉಗುಳಿಲ್ಲ ಅಜ್ಜಿ.”

ಕಮಲಾಬಾಯಿಗೆ ಸಮಾಧಾನ ಆಗಲಿಲ್ಲ. “ಹಿಂದಿಂದ ಬಿಟ್ಟದ್ದಂದ್ರ ಉಗುಳಿಗಿಂತಾ ಹೆಚ್ಚಿನ ಮೈಲಿಗಿ ಆತಲ್ಲವ್ವಾ.”

“ಪಂಚಾಮೃತಕ್ಕ ಜೇನತುಪ್ಪ ಹಾಕ್ತೀರಲ್ಲ, ಅದೂ ಹುಳದ ಬಾಯಿಂದ ಬಂದಿದ್ದ. ಇದು ನಿಮ್ಮ ತುಳಸಿ ರಸಾನ ಐತಿ. ನೀರಾಗ ತೊಳದ್ರ ಹೋತು.”

ಕಮಲಾಬಾಯಿ ಬಾಗಿ ಹುಳವನ್ನು ಮತ್ತೊಮ್ಮೆ ನೋಡಿದರು. ಆಮೇಲೆ ತಮ್ಮಷ್ಟಕ್ಕೆ ತಾವೇ ನಕ್ಕರು. “ಖರೆ ಅದ ಬಿಡವಾ.”

ಪಾಂಡುರಂಗ ಮಾತ್ರ ಬಾಟಲಿ ಕೆಳಗಿಟ್ಟಿರಲಿಲ್ಲ. “ರಸಾ ಹೀರಿದ್ರ ಗಿಡಾ ಒಣಗೂದಿಲ್ಲೇನು? ಒಮ್ಮೆ ಹೊಡದ್ರ ಪೂರಾ ಹೋಗ್ತದಲ್ಲ.”

“ಹಿಂತಾ ನಾಕೆಂಟು ಹುಳದಿಂದ ಗಿಡಕ್ಕ ಏನೂ ಆಗಂಗಿಲ್ಲ ಅಣ್ಣಾರ. ಭಾಳ ಆದ್ರ ಪೈಪಿನ ನೀರ ಜೋರಾಗಿ ಬಿಡ್ರಿ, ಇಲ್ಲಾಂದ್ರ ಕಡ್ಡೀಲೆ ತಗದ ಹಾಕ್ರಿ. ಹಿಂತಾ ಔಷಧಾ ಮಾರಾಕಿ ನಾನ. ಹತ್ತಿಗೆ ಅಂತ ಮಾರತೇನಿ. ತಿನ್ನೋ ಎಲಿಗೆ ಅಂತ ಯಾರ ಕೇಳಿದ್ರೂ ಕೊಡಂಗಿಲ್ಲ. ಬಾಟ್ಲಿ ಮ್ಯಾಲಿನ ಕೆಂಪು ತ್ರಿಕೋನಾ ನೋಡ್ರಿ. ಭಾಳ ವಿಷಾ ಅಂತ ಅದರ ಅರ್ಥ. ನಿಮ್ಮ ಮನಿ ತೀರ್ಥಾ ಓಣಿ ಹುಡುಗರೆಲ್ಲಾ ತಗೋತಾರ. ಅದರಾಗೂ ಇದ ತುಳಸಿ ಇರತೈತಿ.”

ಪಾಂಡುರಂಗ ಬಾಟಲಿ ತಿರುಗಿಸಿ ನೋಡಿದ. ಆ ಗುರುತನ್ನು ಅವನು ಎಂದೂ ಗಮನಿಸಿರಲಿಲ್ಲ. ಅವನ ಮುಖ ಸಣ್ಣದಾಯಿತು.

“ಮಗಳು ಕುಡೀತಾಳ ಅನ್ನೋದು ತಲ್ಯಾಗ ಬರಲೇ ಇಲ್ಲ ನೋಡು,” ಎಂದು ಹೆಂಡತಿಗೆ ಮೆಲ್ಲಗೆ ಹೇಳಿದ.

ಬಾಟಲಿಯನ್ನು ಮಕ್ಕಳ ಕೈಗೆ ಸಿಗದ ಕಡೆ ಇಟ್ಟು ಬೀಗ ಹಾಕಿದ. ಪಂಪಿನ ನೀರನ್ನು ಅಂಗಳದ ಆಚೆ ಚೆಲ್ಲಿ, ನಲ್ಲಿಗೆ ಪೈಪು ಜೋಡಿಸಿ ಗಿಡ ತೊಳೆದ. ಮರುದಿನ ಬೆಳಗ್ಗೆ ಬಸ್ಸಿಗೆ ಬಂದ ಬೀರಪ್ಪನನ್ನು ಒಳಗೆ ಕರೆದು, ದಾಸವಾಳದಲ್ಲಿ ಉಳಿದಿದ್ದ ನೊರೆ ತೋರಿಸಿ, “ತಪ್ಪಾತರೀ,” ಎಂದ. ಕಮಲಾಬಾಯಿ ಇಬ್ಬರಿಗೂ ಚಹಾ ಕೊಟ್ಟರು.

ಮುಂದಿನ ವಾರ ಎದುರುಮನೆಯ ಯಶೋಧಾ, “ಬದನಿ ಗಿಡಕ್ಕ ಯಾರೋ ಮಾಟಾ ಮಾಡ್ಯಾರ, ನೊರಿ ಬಂದೈತಿ,” ಎಂದು ಗಾಬರಿಯಿಂದ ಬಂದಳು. ಕಮಲಾಬಾಯಿ ಚಸ್ಮಾ ಹಾಕಿಕೊಂಡು ತಾವೇ ಎದ್ದು ಹೊರಟರು.

“ನಡಿ, ಒಂದು ಕೊಡಾ ನೀರು ತುಂಬಿಡು. ಒಳಗ ಯಾರಿದ್ದಾರ ಅಂತ ತೋರಸ್ತೀನಿ.”

ಓದುವ ಅಕ್ಕ, ಅಣ್ಣಂದಿರೇ, ನಿಮ್ಮ ಅಂಗಳದ ಗಿಡದಲ್ಲೂ ಇಂಥ ನೊರೆ ಕಂಡೀತು. ಯಾರನ್ನೂ ಬೈಯುವ ಮೊದಲು ಒಂದು ಕಡ್ಡಿ ತೆಗೆದುಕೊಂಡು ನೊರೆ ಸರಿಸಿ ನೋಡಿ. ಬೇಡವೆನಿಸಿದರೆ ನೀರು ಬಿಟ್ಟು ತೊಳೆಯಿರಿ. ಹೊಲದ ವಿಷವನ್ನು ಮನೆಯ ಸೊಪ್ಪಿಗೆ, ತುಳಸಿಗೆ, ಕಾಯಿಪಲ್ಲೆಗೆ ಹೊಡೆಯಬೇಡಿ. ಸಂಶಯವಿದ್ದರೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಆ ಎಲೆ ನಾಳೆ ನಿಮ್ಮ ಮಗುವಿನ ಬಾಯಿಗೇ ಹೋಗುತ್ತದೆ.