ಎಲೆಜೇನಿನ ಗೋಡೆ

ಅಕ್ಕ ಮಂಜುಗಡ್ಡೆಯ ಡಬ್ಬಿಯಿಂದ ಪುಟ್ಟ ಗಾಜಿನ ಸೀಸೆ ತೆಗೆದು ಅಂಗೈ ಮೇಲೆ ಬೋರಲು ಹಾಕಿದಳು. ಚಳಿಗೆ ಮಂಕಾದ ಜೇನು ಕಾಲು ಮಡಚಿಕೊಂಡು ಬಿತ್ತು. ನಾನು ಗುಂಡುಸೂಜಿಯ ತಲೆಯನ್ನು ಬಿಳಿ ಬಣ್ಣಕ್ಕೆ ಮುಟ್ಟಿಸಿ ಅದರ ಬೆನ್ನಿಗೆ ಚುಕ್ಕೆ ಇಟ್ಟೆ. ಇಬ್ಬರೂ ಮಾತಾಡಲಿಲ್ಲ, ಉಸಿರು ತಾಗಿದರೆ ಬಣ್ಣ ಹರಡುತ್ತದೆ. ಬಿಸಿಲು ತಾಗಿದ್ದೇ ಜೇನು ಮೈ ಕೊಡವಿ, ಏನೂ ಆಗಿಲ್ಲವೆಂಬಂತೆ ಗೋಡೆಯಲ್ಲಿನ ತನ್ನ ತೂತಿಗೆ ಹಾರಿಹೋಯಿತು.

ಅಕ್ಕ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ನಾನು ಓದು ಅರ್ಧಕ್ಕೆ ಬಿಟ್ಟವಳು. ಮನೆಗೆಲಸ ಮುಗಿಸಿ ಅವಳ ಜೊತೆ ಬಂದು ಗೋಡೆ ಕಾಯುತ್ತೇನೆ. ಗ್ರಂಥಾಲಯದ ಹಿಂಬದಿಯ ಹಳೇ ಇಟ್ಟಿಗೆ ಗೋಡೆ ಅದು. ಗಾರೆ ಉದುರಿ ಮೈತುಂಬಾ ತೂತು. ಈ ಜೇನು ಗುಂಪು ಕಟ್ಟುವುದಿಲ್ಲ. ಪ್ರತಿ ತಾಯಿಯೂ ಒಂಟಿಯಾಗಿ ಗುಲಾಬಿ ಎಲೆಯನ್ನು ದುಂಡಗೆ ಕತ್ತರಿಸಿ ತಂದು, ತೂತಿನೊಳಗೆ ಸುರುಳಿ ಸುತ್ತಿ, ಮೊಟ್ಟೆಯಿಟ್ಟು, ಬಾಯಿ ಮುಚ್ಚುತ್ತದೆ. ತನ್ನ ಗುಲಾಬಿ ಗಿಡಗಳೆಲ್ಲ ಜರಡಿಯಾದವೆಂದು ಮಾಲಿ ನಮ್ಮಿಬ್ಬರನ್ನು, ಜೇನಿನ ನೆಂಟರೋ ಎಂಬಂತೆ, ಬೈಯುತ್ತಾನೆ. ಅಮ್ಮನದು ಇನ್ನೊಂದು ರಾಗ.

"ಗೋಡೆ ನೋಡೋಕೆ ಅಷ್ಟೆಲ್ಲಾ ಓದಬೇಕಿತ್ತೇನೇ? ಓದದೇ ಇರೋ ಇವಳೂ ಅದನ್ನೇ ನೋಡ್ತಿದಾಳೆ."

ಅಕ್ಕನ ಪ್ರಶ್ನೆ ಒಂದೇ. ಹೊಸದಾಗಿ ಹೊರಬರುವ ಹೆಣ್ಣುಮರಿಗಳು ಗೂಡು ಕಟ್ಟಲು ತಾವು ಹುಟ್ಟಿದ ಗೋಡೆಗೇ ಮರಳುತ್ತವೋ, ಬೇರೆ ಜಾಗ ಹುಡುಕುತ್ತವೋ? ತಾಯಂದಿರಿಗೆ ಬಿಳಿ ಚುಕ್ಕೆ ಇಡುತ್ತಿದ್ದೆವು. ಮರಿಗಳು ಬಂದಾಗ ಇಡಲೆಂದು ಕೆಂಪು ಬಣ್ಣದ ಸೀಸೆ ಮುಚ್ಚಳ ಬಿಚ್ಚದೆ ಕಾದಿತ್ತು.

ಅಷ್ಟರಲ್ಲಿ ಆ ಗೋಡೆಗೆ ಸಿಮೆಂಟು ಮೆತ್ತುತ್ತಾರೆಂಬ ಸುದ್ದಿ ಬಂತು. ಹೊರಗಿನಿಂದ ತಪಾಸಣೆಗೆ ಜನ ಬರುವವರಿದ್ದರು. ಎಲ್ಲವೂ ಹೊಸದಾಗಿ ಕಾಣಬೇಕಂತೆ. ಅಕ್ಕ ಎಂಜಿನಿಯರ್ ಬಳಿ ಹೋದಳು. ಮಂಜೂರಾದ ಸಂಶೋಧನೆ ನಡೆಯುವ ಜಾಗಕ್ಕೆ ನಾವು ಕೈ ಹಾಕುವುದಿಲ್ಲ, ಮಂಜೂರಾತಿ ತನ್ನಿ ಅಂದರು ಅವರು. ವಿಶ್ವವಿದ್ಯಾಲಯ ತನ್ನ ಅಧ್ಯಾಪಕರಿಗೇ ವರ್ಷಕ್ಕೊಮ್ಮೆ ಕಿರು ಅನುದಾನ ಕೊಡುತ್ತದೆ. ಅಕ್ಕ ಅದಕ್ಕೆ ಅರ್ಜಿ ಬರೆಯಲು ಕೂತಳು. ದುಡ್ಡಿಗಿಂತ ಹೆಚ್ಚಾಗಿ ಗೋಡೆಗಾಗಿ.

ಅವಳ ಪಕ್ಕದ ಕೋಣೆಯಲ್ಲಿ ಕಪ್ಪೆಗಳ ಕೂಗಿನ ಮೇಲೆ ಕೆಲಸ ಮಾಡುವ ಮೇಷ್ಟ್ರೊಬ್ಬರಿದ್ದಾರೆ. ಬೆನ್ನ ಹಿಂದೆ 'ಕಪ್ಪೆ ಮೇಷ್ಟ್ರು' ಅನ್ನುತ್ತಾರೆ ಹುಡುಗರು. ಒಳ್ಳೆಯ ಮನುಷ್ಯ. ಅರ್ಜಿ ಓದುತ್ತಾ 'ನಿರೀಕ್ಷಿತ ಫಲಿತಾಂಶ' ಅನ್ನುವಲ್ಲಿಗೆ ಬಂದವರು ಕನ್ನಡಕ ತೆಗೆದರು. ಅಲ್ಲಿ ಅಕ್ಕ, ಇದು ಇನ್ನೂ ಗೊತ್ತಿಲ್ಲ, ತಿಳಿಯಲೆಂದೇ ಈ ಅಧ್ಯಯನ ಎಂದು ಬರೆದಿದ್ದಳು.

"ಇದೇನಮ್ಮಾ, ಗೊತ್ತಿಲ್ಲ ಅಂತ ಯಾರಾದ್ರೂ ಬರೀತಾರಾ? ಮುಗಿಸಿರೋ ಕೆಲಸಕ್ಕೆ ಅರ್ಜಿ ಹಾಕಬೇಕು. ಬಂದ ದುಡ್ಡಲ್ಲಿ ಮುಂದಿನ ಕೆಲಸ ಮಾಡ್ಕೋಬೇಕು. ನಾವೆಲ್ಲಾ ಮಾಡೋದು ಹಾಗೇ."

"ನನ್ನ ಹತ್ರ ಮುಗಿಸಿರೋ ಕೆಲಸ ಇಲ್ವಲ್ಲ ಸಾರ್."

"ಹಾಗಾದ್ರೆ ಮರಿಗಳು ವಾಪಸ್ ಬರ್ತವೆ ಅಂತ ಬರೆದುಬಿಡಿ. ಬರದೇ ಇದ್ರೆ ಆಮೇಲೆ ನೋಡ್ಕೊಳೋಣ."

ಅಕ್ಕ ನಕ್ಕಳು. ಆದರೆ ಆ ಸಾಲನ್ನು ಬದಲಾಯಿಸಲಿಲ್ಲ.

ಅನುದಾನ ಸಮಿತಿಯ ಮುಂದೆ ಹೋದ ದಿನ ಗೂಡಿನ ಮಾದರಿಗಳ ಡಬ್ಬಿ ನನ್ನ ಕೈಯಲ್ಲಿತ್ತು. ಅಕ್ಕನ ಹಿಂದೆಯೇ ಒಳಗೆ ಹೋಗಿ ಬಾಗಿಲ ಪಕ್ಕ ನಿಂತೆ. ಯಾರೂ ಹೊರಗೆ ಹೋಗೆನ್ನಲಿಲ್ಲ, ಯಾರೂ ಕೂರೆನ್ನಲಿಲ್ಲ. ಉದ್ದ ಮೇಜು, ಚಹಾದ ಲೋಟಗಳು, ಸದ್ದು ಮಾಡುವ ಫ್ಯಾನು. ಅಕ್ಕ ಗೋಡೆಯ ಕಥೆ ಹೇಳುತ್ತಿದ್ದಾಗ ಅಧ್ಯಕ್ಷರು ಲೋಟದ ಕೆನೆ ತೆಗೆಯುತ್ತಿದ್ದರು. ಆಮೇಲೆ ಆ ಸಾಲಿನ ಮೇಲೆ ಬೆರಳಿಟ್ಟರು.

"ನೀವೇ ಗೊತ್ತಿಲ್ಲ ಅಂತೀರಲ್ಲಮ್ಮಾ."

ಅವರ ಪಕ್ಕದವರಿಗೆ ತಮಾಷೆ ಹೊಳೆಯಿತು. "ಗೊತ್ತಿಲ್ಲದ್ದಕ್ಕೆಲ್ಲಾ ದುಡ್ಡು ಕೊಡೋ ಹಾಗಿದ್ರೆ ಮೊದಲು ನಮ್ಮ ಮನೆ ಹುಡುಗನಿಗೆ ಕೊಡಬೇಕು ಬಿಡಿ."

ಎಲ್ಲರೂ ನಕ್ಕರು. ಅಕ್ಕನ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಇದೊಂದು ಋತು ಹೋದರೆ ಗೋಡೆ ಇರುವುದಿಲ್ಲ, ಒಳಗಿರುವ ಮರಿಗಳೂ ಇರುವುದಿಲ್ಲ ಅಂದಳು. ಗೋಡೆ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ ಅಂದರು ಅಧ್ಯಕ್ಷರು. ಮುಂದಿನ ವರ್ಷ ಫಲಿತಾಂಶ ತೆಗೆದುಕೊಂಡು ಬಂದರೆ ಖಂಡಿತ ಪರಿಶೀಲಿಸುವುದಾಗಿ ಹೇಳಿ, ಮುಂದಿನವರನ್ನು ಕರೆಸಿದರು.

ನನಗೆ ಮೈಯೆಲ್ಲ ಉರಿಯಿತು. ಅಡುಗೆ ಮಾಡಿ, ಬಡಿಸಿ, ಪಾತ್ರೆ ತೊಳೆದು ಕವುಚಿಟ್ಟವರಿಗೆ ಮಾತ್ರ ಅಕ್ಕಿ ಕೊಡುವ ಊಟದ ಮನೆ ಯಾವುದಿದೆ? ಉತ್ತರ ಕೈಯಲ್ಲಿದ್ದರೆ ಅಕ್ಕ ಇವರ ಬಾಗಿಲಿಗೆ ಯಾಕೆ ಬರುತ್ತಿದ್ದಳು? ಗೊತ್ತಿಲ್ಲ ಅನ್ನುವುದು ಅಷ್ಟು ನಾಚಿಕೆಯ ಮಾತಾದರೆ ಆ ಕಟ್ಟಡಕ್ಕೆ ಸಂಶೋಧನಾ ವಿಭಾಗ ಅಂತ ಬೋರ್ಡು ಏಕೆ ಬರೆಸಿದ್ದಾರೆ? ಇಷ್ಟೆಲ್ಲ ಗಂಟಲಿಗೆ ಬಂತು. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದೆ.

ಆ ವರ್ಷ ಅನುದಾನ ಸಿಕ್ಕಿದ್ದು ಕಪ್ಪೆ ಮೇಷ್ಟ್ರಿಗೆ. ಅವರು ಅರ್ಜಿಯಲ್ಲಿ ಬರೆದ ಕಪ್ಪೆಗಳೆಲ್ಲ ಕೂಗಿ ಮುಗಿಸಿ, ಪತ್ರಿಕೆಯಲ್ಲಿ ಅಚ್ಚೂ ಆಗಿದ್ದವು. ಗುರಿಯ ಸ್ಪಷ್ಟತೆಗಾಗಿ ಸಮಿತಿ ಮೆಚ್ಚುಗೆ ಬೇರೆ ಬರೆದಿತ್ತು. ಹೇಳಲು ಬಂದ ಮೇಷ್ಟ್ರು ಅಕ್ಕನ ಮುಖ ನೋಡಲಾಗದೆ ಕಿಟಕಿಯ ಕಡೆ ನೋಡುತ್ತಾ ಹೇಳಿದರು. ಅಕ್ಕ ಅಭಿನಂದನೆ ಹೇಳಿದಳು. ನಾನು ಹೇಳಲಿಲ್ಲ.

ಗೋಡೆಯ ಕೆಲಸ ಶುರುವಾದ ದಿನ ಅಕ್ಕನಿಗೆ ಪರೀಕ್ಷೆಯ ಮೇಲ್ವಿಚಾರಣೆ. ಹಾಲ್ ಬಿಟ್ಟು ಕದಲುವ ಹಾಗಿಲ್ಲ. ನಾನು ಸುದ್ದಿ ತಂದಾಗ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು.

"ನೀನು ಹೋಗಿ ಕೇಳು."

"ನಾನಾ?"

"ಇನ್ಯಾರಿದಾರೆ ನಮಗೆ?"

ಯಾರೊಂದಿಗಾದರೂ ಮಾತಾಡುವ ಮೊದಲು ಮನಸ್ಸಿನಲ್ಲೇ ಹತ್ತು ಸಲ ಆಡಿ ನೋಡುವವಳು ನಾನು. ದಾರಿಯುದ್ದಕ್ಕೂ ಆಡಿಕೊಳ್ಳುತ್ತಲೇ ಹೋದೆ.

ಮೇಲಿನ ಸಾಲುಗಳು ಆಗಲೇ ನುಣ್ಣಗೆ ಬೂದಿಬಣ್ಣವಾಗಿದ್ದವು. ಬಿಳಿ ಚುಕ್ಕೆಯ ಜೇನೊಂದು ಎಲೆಯ ಚೂರು ಹಿಡಿದು, ಹಸಿ ಸಿಮೆಂಟಿನ ಮುಂದೆ ಹಾರಾಡುತ್ತಿತ್ತು. ಇಳಿಯಿತು, ಎದ್ದಿತು, ಪಕ್ಕಕ್ಕೆ ಸರಿದು ಮತ್ತೆ ಅಲ್ಲಿಗೇ ಬಂತು. ಮೇಸ್ತ್ರಿ ಕರಣೆಯಲ್ಲಿ ಸಿಮೆಂಟು ಎತ್ತಿಕೊಂಡು ಕೆಳಗಿನ ಸಾಲಿಗೆ ಕೂತ. ಅಲ್ಲಿ ಎಲೆಯಿಂದ ಮುಚ್ಚಿದ ತೂತುಗಳೇ ಹೆಚ್ಚು, ಪ್ರತಿಯೊಂದರೊಳಗೂ ಮರಿಗಳಿದ್ದವು. ಪಕ್ಕದಲ್ಲಿ ಎಂಜಿನಿಯರ್, ಅವರ ಜೊತೆ ಸಮಿತಿಯ ಅಧ್ಯಕ್ಷರು. ಗೋಡೆಗೆ ಹಳದಿ ಚೆನ್ನೋ, ತಿಳಿನೀಲಿಯೋ ಎಂದು ಮಾತಾಗುತ್ತಿತ್ತು.

"ಸಾರ್, ಈ ಕೆಳಗಿನ ಸಾಲು ಬಿಟ್ಟುಬಿಡಿ."

ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಆದರೆ ಮೇಸ್ತ್ರಿಯ ಕೈ ನಿಂತಿತು. ಅವನು ಎಂಜಿನಿಯರ್ ಮುಖ ನೋಡಿದ. ಎಂಜಿನಿಯರ್ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ನನ್ನನ್ನು ಒಮ್ಮೆ ನೋಡಿ, ತಿಳಿನೀಲಿಯೇ ಇರಲಿ ಅಂದರು. ಕರಣೆ ಮತ್ತೆ ಗೋಡೆಗೆ ತಾಗಿತು.

ನಾನು ಇನ್ನೂ ಹತ್ತಿರ ಹೋಗಿ, ಗಟ್ಟಿಯಾಗಿ ಕೇಳಿದೆ.

"ಒಳಗೆ ಮರಿಗಳಿವೆ ಸಾರ್. ಅವು ಹೊರಗೆ ಬರೋವರೆಗೆ ಇದೊಂದು ಸಾಲು ಬಿಡಿ."