ಮೇಜಿನ ಮೇಲಿದ್ದ ಕಲ್ಲು

ಏನೋ ಮಿನುಗಿತು, ಗುಟ್ಕಾ ಚೀಟಿ, ಅದರ ಮೂಲೆ ಕಲ್ಲಿನಡಿಯಿಂದ ನಾಲಿಗೆಯಂತೆ ಹೊರಗೆ ಚಾಚಿದೆ, ಅನ್ನಪೂರ್ಣ ನೋಡಿಬಿಟ್ಟಳು, ನೋಡಬಾರದಿತ್ತು, ಆದರೆ ನೆಲ ನೋಡುವುದೇ ಅವಳ ಕೆಲಸ, ಸುಬ್ರಹ್ಮಣ್ಯಪುರದಾಚೆಯ ಈ ಬಂಡೆಗುಡ್ಡದಲ್ಲಿ ಜಾಲಿಮುಳ್ಳು ಸರಿಸಿ, ಲಂಟಾನ ಪೊದೆಯೊಳಗೆ ನುಸುಳಿ, ಶಿಲಾಯುಗದವರು ಬಿಟ್ಟುಹೋದ ಚೂಪುಗಲ್ಲೋ ಮಡಕೆ ಚೂರೋ ಇದೆಯೇ ಎಂದು ಹುಡುಕುವುದು — ಸಿಕ್ಕಿದ್ದೇನು, ಬಿಯರ್ ಬಾಟಲಿಯ ಗಾಜು, ಉಂಡೆ ಕಟ್ಟಿ ಎಸೆದ ಡೈಪರು, ಕೋಳಿಯಂಗಡಿಯವರು ಚೀಲಗಟ್ಟಲೆ ಸುರಿದ ಪುಕ್ಕ, ಕರುಳು, ನೊಣ, ಲಂಟಾನದ ಘಾಟಿಗೆ ಉಚ್ಚೆಯ ನಾತ ಸೇರಿ ಗಂಟಲಿಗೆ ಅಂಟುತ್ತದೆ, ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ ರೊಟ್ಟಿ ಮುರಿಯುವಾಗಲೂ ಬೆರಳಲ್ಲಿ ಅದೇ ವಾಸನೆ, ಅವ್ವ ಮೂಗು ಮುರಿಯುತ್ತಾಳೆ, ತಲಿ ಎತ್ತಿ ನಡಿಯೇ, ಕಂಬಕ್ಕ ಬಡಿಸ್ಕೊಂತಿ, ನೆಲದಾಗ ಏನ್ ಬಂಗಾರ ಬಿದ್ದೈತಿ — ತಲೆ ಎತ್ತಿದರೆ ಮುಖಗಳು, ಏಳನೇ ಕ್ಲಾಸಿನಲ್ಲಿ ಪಾಠ ಓದೆಂದು ನಿಲ್ಲಿಸಿದಾಗ ಅಷ್ಟೂ ಮುಖಗಳು ಅವಳ ಕಡೆಗೇ ತಿರುಗಿದ್ದವು, ದನಿ ಹೊರಡಲಿಲ್ಲ, ಮರುದಿನ ಶಾಲೆಗೆ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ, ಗಾರ್ಮೆಂಟ್ಸಿನಲ್ಲೂ ಬಗ್ಗಿಸಿದ ತಲೆಯೇ, ಅಲ್ಲಿ ಸೂಪರ್‌ವೈಸರನ ಬೈಗುಳ, ಇಲ್ಲಿ ಮೊದಲ ದಿನವೇ ಸುಶ್ರುತ ಸಾರ್, ಈ ಸರ್ವೇಗೆ ಅವರೇ ದೊಡ್ಡವರು, ಈ ಹುಡುಗಿ ಕಣ್ಣು ನೋಡ್ರೋ, ನೆಲ ಬಿಟ್ಟು ಏಳೋದೇ ಇಲ್ಲ, ಇಂಥೋರೇ ನಮಗೆ ಬೇಕಾಗಿರೋದು, ಅಂದಿದ್ದರು, ಅವಳ ಕಣ್ಣನ್ನು ಅಲ್ಲಿಯವರೆಗೆ ಯಾರೂ ಹೊಗಳಿರಲಿಲ್ಲ.

ಇವತ್ತು ಅದೇ ಸಾರ್ ಕಾರಿನ ಹಿಂದೆ ಟವೆಲ್ಲಿನಲ್ಲಿ ಸುತ್ತಿ ತಂದದ್ದನ್ನು ಬಿಚ್ಚಿದರು, ಅವಳಿಗೆ ತಕ್ಷಣ ಗುರುತು ಸಿಕ್ಕಿತು, ಬನಶಂಕರಿ ಆಫೀಸಿನ ಮೇಜಿನ ಮೇಲೆ ಫ್ಯಾನಿಗೆ ಕಾಗದ ಹಾರದಂತೆ ಇಟ್ಟಿದ್ದ ಕಲ್ಲುಕೊಡಲಿ, ಕಾಫಿ ಲೋಟದ ಗುಂಡು ಕಲೆ ಸಮೇತ, ಸಾರ್ ಆ ಕಲೆಯ ಮೇಲೆ ಥೂ ಎಂದು ಉಗಿದು ಮಣ್ಣು ತಿಕ್ಕಿದರು, ಹೆಬ್ಬೆರಳಿಂದ, ನಿಧಾನವಾಗಿ — ಕಲ್ಲು ಒರಿಜಿನಲ್ಲೇ ಕಣಮ್ಮ, ಜಾಗ ಮಾತ್ರ ಬೇರೆ, ಸರ್ವೇಗೆ ದುಡ್ಡು ಕೊಡೋ ಕಂಪನಿಯೋರು ಬರ್ತಿದ್ದಾರೆ, ಇವತ್ತೂ ಏನೂ ಸಿಗ್ಲಿಲ್ಲ ಅಂದ್ರೆ ಪ್ರಾಜೆಕ್ಟ್ ಕ್ಲೋಸ್, ನಾನೂ ಮನೆಗೆ, ನೀನೂ ಮನೆಗೆ, ನಾನೇ ಎತ್ತಿದ್ರೆ ಅನುಮಾನ ಬರುತ್ತೆ, ನಿನ್ನ ಮುಖ ನೋಡಿದ್ರೆ ಯಾರೂ ಸುಳ್ಳು ಅನ್ನಲ್ಲ, ನಂಗೇ ಸಿಕ್ತು ಅನ್ನು, ಅಷ್ಟೇ — ಹಾಗೆಂದು ಪೊದೆಯ ಬುಡದಲ್ಲಿ ಕಲ್ಲಿಟ್ಟರು, ಇಡುವಾಗ ಕಣ್ಣು ರಸ್ತೆಯ ಕಡೆಗಿತ್ತು, ಇಷ್ಟು ದಿನ ನೆಲ ನೋಡು ನೆಲ ನೋಡು ಅಂದ ಮನುಷ್ಯ ನೆಲ ನೋಡಲಿಲ್ಲ, ಸಾವಿರಾರು ವರ್ಷದ ಕಲ್ಲು, ಅದರಡಿ ಗುಟ್ಕಾ ಚೀಟಿ.

ಈಗ ಕಂಪನಿಯ ಮೇಡಂ ಕೊಡೆ ಹಿಡಿದು, ಮೂಗಿಗೆ ಕರ್ಚೀಫು ಒತ್ತಿ ನಿಂತಿದ್ದಾರೆ, ವಿಡಿಯೋ ತೆಗೆಯುವ ಚಿರಂತ್ ರೋಲಿಂಗ್ ಅನ್ನುತ್ತಾನೆ, ಸಾರ್ ನಗುತ್ತಾರೆ, ಎತ್ಕೋ ಅನ್ನಪೂರ್ಣ, ನಾಚ್ಕೋಬೇಡ, ನಮ್ ಹುಡುಗಿ ಕಣ್ಣು ಸಖತ್ ಶಾರ್ಪು ಮೇಡಂ — ಅವಳ ಕಣ್ಣು, ಅವಳದೆಂದು ಇದ್ದದ್ದು ಅದೊಂದೇ, ಅದಕ್ಕೂ ಉಗಿದು ಮಣ್ಣು ತಿಕ್ಕಿದ ಹಾಗೆ, ಬಗ್ಗಿದಳು, ಎತ್ತಿಕೊಂಡಳು, ಅಂಗೈಗೆ ತಣ್ಣಗೆ ತೇವ, ಉಗುಳು, ಇನ್ನೂ ಆರಿಲ್ಲ, ಹೇಳಮ್ಮ, ನಿನಗೇ ಸಿಕ್ಕಿದ್ದಾ ಇದು, ಮೇಡಮ್ಮಿನ ದನಿ, ಅಷ್ಟೂ ಮುಖಗಳು ಮತ್ತೆ ಅವಳ ಕಡೆಗೇ, ನಂಗೇ ಸಿಕ್ತು, ಎರಡೇ ಮಾತು, ಹೇಳಿದರೆ ಕೆಲಸ ಉಳಿಯುತ್ತದೆ, ಗಂಟಲಲ್ಲಿ ಲಂಟಾನ, ಉಚ್ಚೆ, ಉಗುಳು, ಅಕ್ಕ ಸ್ವಲ್ಪ ತಲೆ ಎತ್ತಿ, ಇಲ್ಲಿ ನೋಡಿ, ಚಿರಂತನ ದನಿ — ಎತ್ತಲಿಲ್ಲ, ಕಣ್ಣು ನೆಲ ಬಿಟ್ಟು ಏಳಲಿಲ್ಲ, ಏನ್ ನೋಡ್ತಿದೀಯಮ್ಮ ಅಲ್ಲಿ, ಮೇಡಂ ಕೊಡೆ ಓರೆ ಮಾಡಿ ಅವಳು ನೋಡುತ್ತಿದ್ದಲ್ಲೇ ನೋಡಿದರು, ಚಿರಂತನ ಕ್ಯಾಮೆರಾವೂ ಮೆಲ್ಲಗೆ ಕೆಳಗಿಳಿಯಿತು, ಸಾರ್ ನಗು ನಿಂತಿತು, ಚೀಟಿ, ಹರಿದ ಬಾಯಿಯ ಚೀಟಿ, ಮೇಲಿನ ಭಾರ ಹೋದದ್ದಕ್ಕೆ ಚರಚರ ಸದ್ದು ಮಾಡುತ್ತ, ಒಂದೊಂದೇ ಮಡಿಕೆ ಬಿಚ್ಚಿಕೊಳ್ಳುತ್ತಿರುವ ಚೀಟಿ —